ಹುಡುಕುವ ವಸ್ತುವಿನ ಚಿತ್ರ ಮಿದುಳಿನಲ್ಲಿ ಎಲ್ಲಿರುತ್ತದೆ? ದೃಷ್ಟಿ, ನೆನಪು ಮತ್ತು ಪ್ರಿಫ್ರಂಟಲ್ ಕಾರ್ಟೆಕ್ಸ್

ನೀಲಿಪೆನ್ಸಿಲ್

ಎಲ್ಲರಿಗೂ ನಮಸ್ಕಾರ. ಮಿದುಳಿನ ಬಗ್ಗೆ ಓದುವುದು ನನಗೆ ತುಂಬಾ ಇಷ್ಟ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ.

ನೋಡುವ ಕೆಲಸ ಮಿದುಳಿನ ಹಿಂಭಾಗದ್ದು ಎನ್ನುತ್ತಾರೆ. ನೆನಪು ಅಂದರೆ ಹಿಪೊಕ್ಯಾಂಪಸ್ ಎನ್ನುತ್ತಾರೆ. ಯೋಚನೆ, ತೀರ್ಮಾನ, ಸಂಯಮ ಎಲ್ಲ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸಿನದು (ಕಾರ್ಟೆಕ್ಸ್ ಅಂದರೆ ಮಿದುಳಿನ ಹೊರಪದರ) ಎನ್ನುತ್ತಾರೆ. ಆದರೆ ದಿನನಿತ್ಯದ ಒಂದು ಸಣ್ಣ ಕೆಲಸವನ್ನೂ ಹೀಗೆ ಪಾಲು ಮಾಡಲು ನನಗೆ ಆಗುತ್ತಿಲ್ಲ.

ಕಪಾಟಿನ ಮುಂದೆ ನಿಂತು ಕೆಂಪು ರಟ್ಟಿನ ಪುಸ್ತಕ ಹುಡುಕುತ್ತಿದ್ದೇವೆ ಅಂದುಕೊಳ್ಳಿ. ಕಣ್ಣು ಕೆಂಪು ಕಂಡ ಕಡೆಗೆಲ್ಲ ಹೋಗುತ್ತದೆ. ಮರುಕ್ಷಣ ಹಸಿರು ರಟ್ಟಿನದು ಬೇಕು ಅನ್ನಿಸಿದರೆ ಸಾಕು. ಅದೇ ಕಪಾಟು, ಅದೇ ಬೆಳಕು. ಆದರೆ ಕಣ್ಣಿಗೆ ಬೀಳುವ ಪುಸ್ತಕಗಳೇ ಬೇರೆ. ಹೀಗೆ ಕಣ್ಣಿಗೆ ಹೇಳಿಕೊಡುವುದು ಯಾವುದು? ಹುಡುಕಿ ಮುಗಿಯುವ ತನಕ ಆ ಪುಸ್ತಕದ ಚಿತ್ರ ಮಿದುಳಿನ ಯಾವ ಮೂಲೆಯಲ್ಲಿರುತ್ತದೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ನರಜಾಲ

ಒಳ್ಳೆ ಪ್ರಶ್ನೆ. ಇದು ನಾನು ಪಾಠ ಮಾಡುವ ವಿಷಯ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮೊದಲು ದಾರಿ ನೋಡೋಣ.

ಬೆಳಕು ಕಣ್ಣಿನ ಒಳಗೋಡೆಯ ಪದರವಾದ ರೆಟಿನಾದ ಮೇಲೆ ಬೀಳುತ್ತದೆ. ಅಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಒಂದೊಂದು ಕಣ್ಣಿಗೂ ಸುಮಾರು 10 ಕೋಟಿ ಇವೆ. ಆದರೆ ಕಣ್ಣಿನಿಂದ ಮಿದುಳಿಗೆ ಹೊರಡುವ ನರದಲ್ಲಿರುವುದು ಸುಮಾರು 10 ಲಕ್ಷ ಎಳೆಗಳು ಮಾತ್ರ. ಅಂದರೆ ಕಣ್ಣಿನೊಳಗೇ ಸಾಕಷ್ಟು ಸೋಸುವಿಕೆ ಆಗಿಬಿಡುತ್ತದೆ. ನರದ ಎಳೆಗಳಲ್ಲಿ ಹೆಚ್ಚಿನವು ಮಿದುಳಿನ ನಡುವೆ ಸುದ್ದಿ ದಾಟಿಸುವ ಥಲಾಮಸ್‌ನ ಒಂದು ಭಾಗಕ್ಕೆ ಹೋಗುತ್ತವೆ. ಅಲ್ಲಿಂದ ಸುದ್ದಿ ತಲೆಯ ಹಿಂಬದಿಯಲ್ಲಿರುವ ಪ್ರಾಥಮಿಕ ದೃಶ್ಯ ಕಾರ್ಟೆಕ್ಸಿಗೆ ತಲುಪುತ್ತದೆ. ಇದನ್ನು ವಿ1 ಎನ್ನುತ್ತಾರೆ. ಇಲ್ಲಿನ ಕೋಶಗಳು ಗೆರೆಗಳ ಓರೆ, ಅಂಚು ಇಂಥವಕ್ಕೆ ಸ್ಪಂದಿಸುತ್ತವೆ. ಇದನ್ನು ಕಂಡುಹಿಡಿದ ಹ್ಯೂಬೆಲ್ ಮತ್ತು ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಬಂತು.

ವಿ1 ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಕೆಳಗಡೆಯಿಂದ, ಕಿವಿಯ ಪಕ್ಕದ ಟೆಂಪೊರಲ್ ಭಾಗಕ್ಕೆ ಹೋಗುತ್ತದೆ. ಕಂಡದ್ದು ಏನು, ಯಾರ ಮುಖ, ಯಾವ ವಸ್ತು ಎಂಬುದು ಅಲ್ಲಿ ಗೊತ್ತಾಗುತ್ತದೆ. ಇನ್ನೊಂದು ಮೇಲಿನಿಂದ, ನೆತ್ತಿಯ ಹತ್ತಿರದ ಪರೈಟಲ್ ಭಾಗಕ್ಕೆ ಹೋಗುತ್ತದೆ. ಎಲ್ಲಿದೆ, ಎಷ್ಟು ದೂರ, ಕೈ ಹೇಗೆ ಚಾಚಬೇಕು ಎಂಬುದು ಅದರ ಕೆಲಸ. ಈ ಎರಡು ದಾರಿಗಳ ಮಾತನ್ನು 1982ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಅಂಗರ್‌ಲೈಡರ್ ಮತ್ತು ಮಿಶ್ಕಿನ್. ಮೇಲಿನ ದಾರಿ ಬರೀ "ಎಲ್ಲಿ" ಅನ್ನುವುದಕ್ಕಲ್ಲ, ಅದು ಕ್ರಿಯೆಗಾಗಿಯೇ ಇರುವ ದೃಷ್ಟಿ ಎಂದು 1992ರಲ್ಲಿ ಗುಡೇಲ್ ಮತ್ತು ಮಿಲ್ನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು.

ಅವರು ಪರೀಕ್ಷಿಸಿದ ಒಬ್ಬ ಮಹಿಳೆಯನ್ನು ಬರಹಗಳಲ್ಲಿ ಡಿ.ಎಫ್. ಎಂದಷ್ಟೇ ಕರೆಯುತ್ತಾರೆ. ಕಾರ್ಬನ್ ಮೊನಾಕ್ಸೈಡ್ ವಿಷದಿಂದ ಅವರ ಕೆಳಗಿನ ದಾರಿ ಹಾಳಾಗಿತ್ತು. ಮುಂದೆ ಒಂದು ಸೀಳುಗಂಡಿ ಇಟ್ಟು "ಇದು ಅಡ್ಡ ಇದೆಯೋ ಉದ್ದ ಇದೆಯೋ" ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಆದರೆ ಕೈಗೆ ಒಂದು ಕಾರ್ಡು ಕೊಟ್ಟು "ಒಳಗೆ ಹಾಕಿ" ಅಂದರೆ, ಕೈ ಸರಿಯಾದ ಓರೆಗೆ ತಿರುಗಿ ಕಾರ್ಡು ಒಳಗೆ ಹೋಗುತ್ತಿತ್ತು!

ನಿಮ್ಮ ಪ್ರಶ್ನೆಗೆ ಬೇಕಾದ ವಿಷಯ ಇದರ ಮುಂದಿನ ಭಾಗದಲ್ಲಿದೆ. ವಸ್ತು ಕಣ್ಣೆದುರು ಇದ್ದಾಗ ಅದನ್ನು ಹಿಡಿಯಲು ಅವರ ಬೆರಳುಗಳು ಸರಿಯಾದ ಅಗಲಕ್ಕೆ ತೆರೆದುಕೊಳ್ಳುತ್ತಿದ್ದವು. ವಸ್ತುವನ್ನು ತೋರಿಸಿ, ಮರೆಮಾಡಿ, ಬರೀ 2 ಸೆಕೆಂಡು ಕಾಯಿಸಿದರೆ ಆ ಹೊಂದಾಣಿಕೆ ಮಾಯವಾಗುತ್ತಿತ್ತು. ಮೇಲಿನ ದಾರಿ ಈ ಕ್ಷಣಕ್ಕಷ್ಟೇ ಕೆಲಸ ಮಾಡುತ್ತದೆ. ಎರಡು ಸೆಕೆಂಡು ದಾಟಬೇಕಾದರೂ ಬೇರೆ ಯಾರಾದರೂ ಹಿಡಿದಿಟ್ಟುಕೊಳ್ಳಬೇಕು.

ಪುಟತಿರುವು

ಆ "ಬೇರೆ ಯಾರಾದರೂ" ಅಂದರೆ ಪ್ರಿಫ್ರಂಟಲ್ ಕಾರ್ಟೆಕ್ಸ್ ಅಲ್ವಾ? ಅದು ಹೇಗೆ ಗೊತ್ತಾಯಿತು? ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ನೋಟಕ್ಕೇನೂ ಆಗುವುದಿಲ್ಲ, ಹಳೆಯ ನೆನಪುಗಳೂ ಉಳಿಯುತ್ತವೆ ಎಂದು ಓದಿದ್ದೇನೆ.

ನರಜಾಲ

ಹೌದು, ಅದಕ್ಕೇ ಈ ಭಾಗದ ಕೆಲಸ ಏನೆಂದು ಬಹಳ ಕಾಲ ತಿಳಿಯಲೇ ಇಲ್ಲ. 1930ರ ದಶಕದಲ್ಲಿ ಕಾರ್ಲೈಲ್ ಜೇಕಬ್‌ಸನ್ ಮಂಗಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಮಂಗ ನೋಡುತ್ತಿರುವಂತೆಯೇ ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ತಿಂಡಿ ಇಡುವುದು. ಪರದೆ ಇಳಿಸುವುದು. ಕೆಲವು ಸೆಕೆಂಡು ಬಿಟ್ಟು ಪರದೆ ಎತ್ತಿ, ಆರಿಸಲು ಬಿಡುವುದು. ಬೇರೆ ಮಂಗಗಳಿಗೆ ಇದು ಏನೇನೂ ಕಷ್ಟವಿಲ್ಲ. ಎರಡೂ ಬದಿಯ ಮುಂಭಾಗ ತೆಗೆದ ಮಂಗಗಳು ಸೋತವು.

"ಹಾಗಾದರೆ ನೆನಪು ಅಲ್ಲೇ ಇದೆ" ಎಂದು ಥಟ್ಟನೆ ಹೇಳಬಹುದಿತ್ತು. ಆದರೆ 1942ರಲ್ಲಿ ಮಾಲ್ಮೊ ಎಂಬ ವಿಜ್ಞಾನಿ ಇಂಥ ಮಂಗಗಳು ಕಾಯುವ ಹೊತ್ತಿನಲ್ಲಿ ದೀಪ ಆರಿಸಿ ನೋಡಿದರು. ಕತ್ತಲಲ್ಲಿ ಕಾದಾಗ ಅವು ಎಷ್ಟೋ ಚೆನ್ನಾಗಿ ಮಾಡಿದವು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಪ್ರಯೋಗ ಇದು. ನೆನಪು ಪೂರ್ತಿ ಅಳಿಸಿಹೋಗಿರಲಿಲ್ಲ. ಕಣ್ಣಿಗೆ ಬೀಳುವ ಹೊಸ ಹೊಸ ವಸ್ತುಗಳು ಅದನ್ನು ತಳ್ಳಿಹಾಕುತ್ತಿದ್ದವು. ಮುಂಭಾಗ ಮಾಡುತ್ತಿದ್ದ ದೊಡ್ಡ ಕೆಲಸ ಅಂದರೆ ಆ ತಳ್ಳಾಟದಿಂದ ನೆನಪನ್ನು ಕಾಪಾಡುವುದು.

1971ರಲ್ಲಿ ಎರಡು ತಂಡಗಳು, ಅಮೆರಿಕದಲ್ಲಿ ಫುಸ್ಟರ್ ಮತ್ತು ಅಲೆಕ್ಸಾಂಡರ್, ಜಪಾನಿನಲ್ಲಿ ಕುಬೊಟ ಮತ್ತು ನಿಕಿ, ಮಂಗ ಕಾಯುತ್ತಿರುವ ಹೊತ್ತಿನಲ್ಲೇ ಪ್ರಿಫ್ರಂಟಲ್ ನರಕೋಶಗಳ ಮಿಡಿತ, ಅಂದರೆ ಅವು ಹೊರಡಿಸುವ ವಿದ್ಯುತ್ ಸಂಕೇತ, ದಾಖಲಿಸಿದವು. ಎದುರಿಗೆ ಏನೂ ಇಲ್ಲ, ಕೈಯೂ ಆಡುತ್ತಿಲ್ಲ. ಆದರೂ ಕೆಲವು ಕೋಶಗಳು ಮಿಡಿಯುತ್ತಲೇ ಇದ್ದವು.

1989ರಲ್ಲಿ ಫುನಾಹಾಶಿ, ಬ್ರೂಸ್ ಮತ್ತು ಪೆಟ್ರಿಶಿಯಾ ಗೋಲ್ಡ್‌ಮನ್-ರಾಕಿಚ್ ಇದನ್ನು ಇನ್ನೂ ಹತ್ತಿರದಿಂದ ನೋಡಿದರು. ಮಂಗ ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತಲಿನ ಎಂಟು ಜಾಗಗಳಲ್ಲಿ ಒಂದು ಕಡೆ ಅರ್ಧ ಸೆಕೆಂಡು ಬೆಳಕು ಮಿನುಗುತ್ತದೆ. ಅದು ಆರಿದ ಮೇಲೆ ಕೆಲವು ಸೆಕೆಂಡು ಕಾಯಬೇಕು. ನಡುವಿನ ಚುಕ್ಕೆಯೂ ಆರಿದಾಗ, ಬೆಳಕು ಎಲ್ಲಿತ್ತೋ ಅಲ್ಲಿಗೆ ಕಣ್ಣು ಹಾಯಿಸಬೇಕು. ಒಂದು ಕೋಶ ಬಲಗಡೆಯ ಜಾಗಕ್ಕಾಗಿ ಮಾತ್ರ ಕಾಯುವ ಹೊತ್ತೆಲ್ಲ ಮಿಡಿಯುತ್ತಿತ್ತು, ಇನ್ನೊಂದು ಮೇಲಿನ ಜಾಗಕ್ಕಾಗಿ. ಮಂಗ ತಪ್ಪು ಮಾಡಿದ ಸರದಿಗಳಲ್ಲಿ ಆ ಮಿಡಿತ ನಡುವೆಯೇ ಕುಸಿದಿರುತ್ತಿತ್ತು, ಇಲ್ಲವೇ ಇರುತ್ತಲೇ ಇರಲಿಲ್ಲ. ನೆನಪು ತಪ್ಪಿದ ಕ್ಷಣವನ್ನು ಒಂದೇ ಒಂದು ಕೋಶದಲ್ಲಿ ಕಾಣಬಹುದು ಅಂದರೆ ನೋಡಿ.

ಬೆಳಕಿಂಡಿ

ನರಜಾಲ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಕಥೆ 1989ಕ್ಕೇ ನಿಂತರೆ ನೀಲಿಪೆನ್ಸಿಲ್ ಅವರಿಗೆ "ಚಿತ್ರ ಹಣೆಯ ಹಿಂದಿದೆ" ಎಂಬ ಉತ್ತರ ಸಿಕ್ಕಂತಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

2009ರಲ್ಲಿ ಹ್ಯಾರಿಸನ್ ಮತ್ತು ಟಾಂಗ್ ಮನುಷ್ಯರ ಮೇಲೆ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಚಟುವಟಿಕೆಯಲ್ಲಿದೆ ಎಂದು ತೋರಿಸುವ ಸ್ಕ್ಯಾನ್) ಬಳಸಿ ಒಂದು ಪ್ರಯೋಗ ಮಾಡಿದರು. ಬೇರೆ ಬೇರೆ ಓರೆಯ ಎರಡು ಪಟ್ಟೆ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದರು. ಆಮೇಲೆ "1" ಅಥವಾ "2" ಎಂದು ಅಂಕಿ ತೋರಿಸಿ, ಆ ಚಿತ್ರವನ್ನು ಮಾತ್ರ 11 ಸೆಕೆಂಡು ನೆನಪಿಟ್ಟುಕೊಳ್ಳಲು ಹೇಳಿದರು. ಆ ಹೊತ್ತಿನಲ್ಲಿ ಪರದೆ ಖಾಲಿ. ದೃಶ್ಯ ಕಾರ್ಟೆಕ್ಸಿನ ಒಟ್ಟು ಚಟುವಟಿಕೆಯೂ ತಗ್ಗಿತ್ತು. ಆದರೂ ಅಲ್ಲಿ ಉಳಿದಿದ್ದ ವಿನ್ಯಾಸ ನೋಡಿ, ಆ ವ್ಯಕ್ತಿ ಯಾವ ಓರೆಯನ್ನು ನೆನಪಿಟ್ಟುಕೊಂಡಿದ್ದಾರೆ ಎಂದು 80%ಗಿಂತ ಜಾಸ್ತಿ ಸಲ ಸರಿಯಾಗಿ ಹೇಳಲು ಆಯಿತು. ವಿ1 ಕೂಡ ಇದರಲ್ಲಿತ್ತು. ಅಂದರೆ ಚಿತ್ರದ ಸೂಕ್ಷ್ಮ ವಿವರ ಇರುವುದು ನೋಡುವ ಭಾಗಗಳಲ್ಲೇ.

ಇನ್ನೊಂದು ತಕರಾರು. ಕಾಯುವ ಹೊತ್ತೆಲ್ಲ ಕೋಶ ಬಿಡದೆ ಮಿಡಿಯುತ್ತದೆ ಅನ್ನುವುದು ಎಷ್ಟೋ ಸರದಿಗಳ ಸರಾಸರಿ ತೆಗೆದಾಗ ಕಾಣುವ ಚಿತ್ರ. ಒಂದೊಂದೇ ಸರದಿಯನ್ನು ಬಿಡಿಸಿ ನೋಡಿದ ಲುಂಡ್‌ಕ್ವಿಸ್ಟ್, ಅರ್ಲ್ ಮಿಲ್ಲರ್ ಮತ್ತು ಜೊತೆಗಾರರು 2016ರಲ್ಲಿ ಹೇಳಿದ್ದು ಬೇರೆ. ಮಿಡಿತ ಆಗಾಗ ಸಣ್ಣ ಸಣ್ಣ ಅಲೆಗಳಾಗಿ ಬರುತ್ತದೆ, ನಡುವೆ ಮೌನ ಇರುತ್ತದೆ. ಹಾಗಾದರೆ ಮೌನದ ಹೊತ್ತಿನಲ್ಲಿ ನೆನಪು ಎಲ್ಲಿತ್ತು? ಕೋಶಗಳ ನಡುವಿನ ಸಂಪರ್ಕದ ಜಾಗಗಳು, ಅಂದರೆ ಸಿನಾಪ್ಸ್‌ಗಳು, ತುಸು ಹೊತ್ತು ಬಲಗೊಂಡಿರುತ್ತವೆ, ಆ ಬದಲಾವಣೆಯೇ ನೆನಪನ್ನು ಹೊತ್ತಿರುತ್ತದೆ ಎಂದು ಮೊಂಗಿಲ್ಲೊ, ಬರಾಕ್ ಮತ್ತು ಸೋಡಿಕ್ಸ್ 2008ರಲ್ಲೇ ಒಂದು ಮಾದರಿ ಕೊಟ್ಟಿದ್ದರು.

ನರಜಾಲ

ಬೆಳಕಿಂಡಿ ಅವರೇ, ಮೊದಲ ಮಾತು ಪೂರ್ತಿ ಒಪ್ಪಿದೆ. ಎರಡನೆಯದರ ಬಗ್ಗೆ ಚರ್ಚೆ ಇನ್ನೂ ಜೋರಾಗಿಯೇ ನಡೆದಿದೆ. ಬಿಡದೆ ಮಿಡಿಯುವ ಕೋಶಗಳು ನಿಜವಾಗಿಯೂ ಇವೆ ಎಂದು ಗಟ್ಟಿಯಾಗಿ ವಾದಿಸುವವರೂ ಇದ್ದಾರೆ. ಕೆಲಸ ಬದಲಾದರೆ ಮಿದುಳಿನ ವಿಧಾನವೂ ಬದಲಾಗಬಹುದು ಎಂದು ನನ್ನ ಅನಿಸಿಕೆ. ಒಂದು ಜಾಗವನ್ನು ನೆನಪಿಟ್ಟು ಕಣ್ಣು ಹಾಯಿಸುವುದು ಬೇರೆ, ಮೂರು ಬಣ್ಣಗಳನ್ನು ಅನುಕ್ರಮವಾಗಿ ನೆನಪಿಡುವುದು ಬೇರೆ.

ನೀಲಿಪೆನ್ಸಿಲ್

ಇಬ್ಬರಿಗೂ ತುಂಬಾ ಧನ್ಯವಾದ. ನನಗೆ ಅರ್ಥವಾದದ್ದು ಹೀಗೆ: ಪುಸ್ತಕದ ಕೆಂಪು ಬಣ್ಣ ಹಿಂಭಾಗದಲ್ಲಿ, "ಕೆಂಪು ಹುಡುಕಬೇಕು" ಎಂಬ ಗುರಿ ಮುಂಭಾಗದಲ್ಲಿ. ಸರಿಯೇ? ಹಾಗಾದರೆ ಮುಂಭಾಗದ ಮಾತು ಹಿಂಭಾಗಕ್ಕೆ ಮುಟ್ಟುವುದು ಹೇಗೆ? ಸುದ್ದಿ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ ಎಂದಷ್ಟೇ ನಾನು ತಿಳಿದಿದ್ದೆ.

ಬೆಳಕಿಂಡಿ

ಹೆಚ್ಚು ಕಡಿಮೆ ಸರಿ. ದಾರಿ ಎರಡೂ ಕಡೆಗೆ ಇದೆ. ಥಲಾಮಸ್‌ನಲ್ಲೇ ನೋಡಿ. ದೃಷ್ಟಿಯ ಸುದ್ದಿ ದಾಟಿಸುವ ಕೋಶಗಳ ಮೇಲಿರುವ ಸಿನಾಪ್ಸ್‌ಗಳಲ್ಲಿ ಕಣ್ಣಿನಿಂದ ಬಂದವು ಸುಮಾರು 10% ಅಥವಾ ಅದಕ್ಕಿಂತ ಕಡಿಮೆ. ಕಾರ್ಟೆಕ್ಸಿನಿಂದ ವಾಪಸ್ ಬರುವ ಸಂಪರ್ಕಗಳೇ ಅದಕ್ಕಿಂತ ಎಷ್ಟೋ ಹೆಚ್ಚು.

ಮುಂಭಾಗದ ಮಾತು ಹಿಂಭಾಗದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ 2003ರ ಮೂರ್ ಮತ್ತು ಆರ್ಮ್‌ಸ್ಟ್ರಾಂಗ್ ಪ್ರಯೋಗ ನೋಡಬೇಕು. ಕಣ್ಣಿನ ಚಲನೆ ನಿರ್ಧರಿಸುವ ಒಂದು ಜಾಗ ಮಿದುಳಿನ ಮುಂಭಾಗದಲ್ಲಿದೆ. ಅಲ್ಲಿಗೆ ಅವರು ತೀರಾ ಸಣ್ಣ ವಿದ್ಯುತ್ ಕೊಟ್ಟರು. ಕಣ್ಣು ಅಲುಗಾಡುವಷ್ಟೂ ಅದು ಸಾಲದು. ಆದರೆ ಹಿಂಭಾಗದ ವಿ4 ಎಂಬ ದೃಶ್ಯ ಕ್ಷೇತ್ರದಲ್ಲಿ, ವಿದ್ಯುತ್ತು ಜೋರಾಗಿದ್ದರೆ ಕಣ್ಣು ಎಲ್ಲಿಗೆ ಹೋಗುತ್ತಿತ್ತೋ ಆ ಜಾಗವನ್ನು ನೋಡುವ ಕೋಶಗಳ ಸ್ಪಂದನ ಏರಿತು. ಪರದೆಯ ಮೇಲಿನ ಚಿತ್ರ ಬದಲಾಗಿರಲಿಲ್ಲ. ಮುಂಭಾಗದಿಂದ ಒಂದು ಸಣ್ಣ ಸೂಚನೆ ಬಂದದ್ದಷ್ಟೇ. ನಿಮ್ಮ ಕಪಾಟಿನ ಮುಂದೆ ಆಗುವುದೂ ಇಂಥದ್ದೇ. ಕೆಂಪಿಗೆ ಸ್ಪಂದಿಸುವ ಕೋಶಗಳ ದನಿ ಏರುತ್ತದೆ, ಉಳಿದವುಗಳದ್ದು ತಗ್ಗುತ್ತದೆ. 2001ರಲ್ಲಿ ಮಿಲ್ಲರ್ ಮತ್ತು ಕೊಹೆನ್ ಮುಂದಿಟ್ಟ ವಾದದ ತಿರುಳೂ ಇದೇ: ಪ್ರಿಫ್ರಂಟಲ್ ಕಾರ್ಟೆಕ್ಸ್ ಗುರಿಯನ್ನು ಹಿಡಿದಿಟ್ಟುಕೊಂಡು, ಉಳಿದ ಭಾಗಗಳನ್ನು ಆ ಗುರಿಯ ಕಡೆಗೆ ವಾಲಿಸುತ್ತದೆ.

ಸಾಲುದೀಪ

ನಾನು ಓದುತ್ತಾ ಕೂತಿದ್ದೆ, ಬರೆಯಲೋ ಬೇಡವೋ ಎಂದು ಯೋಚಿಸಿದೆ. ನಮ್ಮ ಮಾವನವರಿಗೆ ಪಾರ್ಶ್ವವಾಯು ಆಗಿ ಮಿದುಳಿನ ಮುಂಭಾಗಕ್ಕೆ ಹಾನಿಯಾಗಿದೆ. ಕೈಕಾಲು ಚೆನ್ನಾಗಿವೆ. ಹಳೆಯದೆಲ್ಲ ನೆನಪಿದೆ, ಎಲ್ಲರನ್ನೂ ಗುರುತಿಸುತ್ತಾರೆ. ಆದರೆ ಎದುರಿಗೆ ಕಂಡದ್ದನ್ನು ಕೈಗೆತ್ತಿಕೊಂಡು ಬಳಸಲು ಶುರುಮಾಡುತ್ತಾರೆ. ಮೇಜಿನ ಮೇಲೆ ಬಾಚಣಿಗೆ ಕಂಡರೆ ತಲೆ ಬಾಚುತ್ತಾರೆ, ಆಗಷ್ಟೇ ಬಾಚಿದ್ದರೂ ಸರಿ. ಪೆನ್ನು ಕಂಡರೆ ಬರೆಯುತ್ತಾರೆ. "ಬೇಡ ಮಾವ" ಅಂದರೆ "ಹೌದು, ಬೇಡ" ಎಂದು ಒಪ್ಪುತ್ತಾರೆ, ಕೈ ಮಾತ್ರ ನಿಲ್ಲುವುದಿಲ್ಲ. ಮನೆಯಲ್ಲಿ ಕೆಲವರು ಇದನ್ನು ಹಠ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೀವು ಮಾತಾಡುತ್ತಿರುವುದಕ್ಕೂ ಇದಕ್ಕೂ ಸಂಬಂಧ ಇದೆಯೇ?

ನರಜಾಲ

ಸಾಲುದೀಪ ಅವರೇ, ಬರೆದದ್ದು ತುಂಬಾ ಒಳ್ಳೆಯದಾಯಿತು. ನೇರ ಸಂಬಂಧ ಇದೆ. ಅವರನ್ನು ನೋಡುತ್ತಿರುವ ವೈದ್ಯರೇ ಖಚಿತವಾಗಿ ಹೇಳಬೇಕು. ಆದರೆ ನೀವು ಹೇಳಿದಂಥದ್ದೇ ನಡವಳಿಕೆಯನ್ನು ಫ್ರೆಂಚ್ ನರವೈದ್ಯ ಫ್ರಾಂಸ್ವಾ ಲೆರ್ಮಿಟ್ 1983ರಲ್ಲಿ ವಿವರಿಸಿದ್ದಾರೆ. ಅವರ ರೋಗಿಗಳು ಎದುರಿಗಿಟ್ಟ ವಸ್ತುವನ್ನು ಯಾರೂ ಹೇಳದೆಯೇ ಬಳಸಲು ತೊಡಗುತ್ತಿದ್ದರು. ಕನ್ನಡಕ ಇಟ್ಟರೆ ಹಾಕಿಕೊಳ್ಳುವುದು, ಎರಡನೆಯದು ಇಟ್ಟರೆ ಅದನ್ನೂ ಮೊದಲನೆಯದರ ಮೇಲೆಯೇ ಹಾಕಿಕೊಳ್ಳುವುದು.

ಯಾಕೆ ಹೀಗೆ? ಒಂದು ವಸ್ತು ಕಂಡ ಕೂಡಲೇ ಅದನ್ನು ಹೇಗೆ ಹಿಡಿಯಬೇಕು, ಹೇಗೆ ಬಳಸಬೇಕು ಎಂಬ ಸಿದ್ಧತೆ ಪರೈಟಲ್ ದಾರಿಯಲ್ಲಿ ಶುರುವಾಗುತ್ತದೆ. ನಮಗೆಲ್ಲರಿಗೂ ಆಗುತ್ತದೆ, ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೇ. "ಈಗ ಅದು ಬೇಕಿಲ್ಲ" ಎಂದು ತಡೆಯುವುದು ಮುಂಭಾಗ. ಆ ತಡೆ ಸಡಿಲವಾದರೆ ಕಂಡದ್ದೇ ಅಪ್ಪಣೆಯಾಗುತ್ತದೆ.

ಬಾಯಲ್ಲಿ ಒಪ್ಪಿ ಕೈ ನಿಲ್ಲದಿರುವುದೂ ಈ ಭಾಗದ ಹಾನಿಯಲ್ಲಿ ಕಾಣುವಂಥದ್ದೇ. 1963ರಲ್ಲಿ ಬ್ರೆಂಡಾ ಮಿಲ್ನರ್ ಕಾರ್ಡು ವಿಂಗಡಿಸುವ ಪರೀಕ್ಷೆಯಲ್ಲಿ ಇದನ್ನು ತೋರಿಸಿದರು. ಮೊದಲು ಬಣ್ಣದ ಪ್ರಕಾರ ವಿಂಗಡಿಸಿದರೆ ಸರಿ. ಆಮೇಲೆ ಮುನ್ಸೂಚನೆ ಕೊಡದೆ ನಿಯಮ ಬದಲಾಗುತ್ತದೆ, ಆಕಾರದ ಪ್ರಕಾರ ವಿಂಗಡಿಸಬೇಕು. ಪ್ರಿಫ್ರಂಟಲ್ ಹಾನಿ ಇದ್ದವರು "ತಪ್ಪು, ತಪ್ಪು" ಎಂದು ಕೇಳಿಸಿಕೊಳ್ಳುತ್ತಲೇ ಬಣ್ಣವನ್ನೇ ಹಿಡಿದು ಮುಂದುವರಿಯುತ್ತಿದ್ದರು. ತಿಳಿವಳಿಕೆ ಇತ್ತು. ಅದು ಕೈಯನ್ನು ನಡೆಸುತ್ತಿರಲಿಲ್ಲ. ಇದನ್ನು ಹಠ ಅನ್ನುವುದು ಅನ್ಯಾಯ.

ಪುಟತಿರುವು

ಸಾಲುದೀಪ ಅವರೇ, ಒಂದು ಸಣ್ಣ ಮಾತು. ಮಾಲ್ಮೊ ಪ್ರಯೋಗ ನೆನಪಿಸಿಕೊಂಡರೆ ಒಂದು ದಾರಿ ಹೊಳೆಯುತ್ತದೆ. ಮತ್ತೆ ಮತ್ತೆ "ಬೇಡ" ಅನ್ನುವ ಬದಲು, ಬೇಡದ ವಸ್ತುಗಳನ್ನು ಕಣ್ಣಿಗೆ ಬೀಳದ ಕಡೆ ಇಟ್ಟು ನೋಡಿ. ಮಾಡಬೇಕಾದ ಕೆಲಸಕ್ಕೆ ಬೇಕಾದದ್ದು ಮಾತ್ರ ಎದುರಿಗಿರಲಿ. ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಜೊತೆ ಒಮ್ಮೆ ಮಾತಾಡಿ. ಜಾಗವನ್ನೇ ಬದಲಿಸುವ ಇಂಥ ಉಪಾಯಗಳು ಅವರಿಗೆ ಚೆನ್ನಾಗಿ ಗೊತ್ತಿರುತ್ತವೆ.

ಸಾಲುದೀಪ

ನಿಮ್ಮಿಬ್ಬರಿಗೂ ಕೃತಜ್ಞತೆ. ಕನ್ನಡಕದ ವಿಷಯ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮೇಜು ಖಾಲಿ ಮಾಡಿ ಇಡುತ್ತೇವೆ. ಇದು ಬರೀ ನಮ್ಮ ಮಾವನ ಸ್ವಭಾವ ಅಲ್ಲ, ಇದಕ್ಕೊಂದು ಕಾರಣ ಇದೆ ಎಂದು ತಿಳಿದಾಗ ಮನಸ್ಸು ಎಷ್ಟು ಹಗುರಾಯಿತು ಎಂದು ಹೇಳಲಾರೆ.

ಹಗಲುನಕ್ಷತ್ರ

ನಾನು ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವಳು. ಗೊತ್ತಿದ್ದೂ ಕೈ ನಿಲ್ಲದಿರುವುದು ಅಂದಾಗ ಮಕ್ಕಳ ಮನೋವಿಜ್ಞಾನಿ ಪಿಯಾಜೆ ಅವರ ಒಂದು ಹಳೆಯ ಗಮನಿಕೆ ನೆನಪಾಯಿತು. ಕೂಸಿಗೆ ಕಾಣುವಂತೆ ಆಟಿಕೆಯನ್ನು ಒಂದು ಕಡೆ ಬಚ್ಚಿಡುತ್ತೇವೆ, ಅದು ತೆಗೆಯುತ್ತದೆ. ಕೆಲವು ಸಲ ಹೀಗೆ ಮಾಡಿ, ಆಮೇಲೆ ಅದರ ಕಣ್ಣೆದುರೇ ಇನ್ನೊಂದು ಕಡೆ ಬಚ್ಚಿಡುತ್ತೇವೆ. ಕೂಸು ಮತ್ತೆ ಮೊದಲಿನ ಜಾಗಕ್ಕೇ ಕೈ ಹಾಕುತ್ತದೆ! ಕೆಲವು ಸಲ ಕಣ್ಣು ಸರಿಯಾದ ಜಾಗವನ್ನು ನೋಡುತ್ತಿರುತ್ತದೆ, ಕೈ ಮಾತ್ರ ಹಳೆಯ ಜಾಗಕ್ಕೆ ಹೋಗುತ್ತದೆ. ಇದೂ ಅದೇ ಏನು?

ನರಜಾಲ

ಅದೇ. ಏಡೆಲ್ ಡೈಮಂಡ್ ಎಂಬ ವಿಜ್ಞಾನಿ ಈ ಆಟವನ್ನೂ ಜೇಕಬ್‌ಸನ್ ಅವರ ಬಟ್ಟಲಿನ ಆಟವನ್ನೂ ಜೋಡಿಸಿ ತೋರಿಸಿದರು. ಏಳೆಂಟು ತಿಂಗಳಿಂದ ಒಂದು ವರ್ಷದವರೆಗೆ ಮಗು ಕಾಯಬಲ್ಲ ಹೊತ್ತು ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾ ಹೋಗುತ್ತದೆ. ಪ್ರಿಫ್ರಂಟಲ್ ಹಾನಿಯಾದ ದೊಡ್ಡ ಮಂಗಗಳು ಇದೇ ಆಟದಲ್ಲಿ ಕೂಸುಗಳಂತೆಯೇ ತಪ್ಪುತ್ತವೆ. ಈ ಭಾಗ ಬಲಿಯುವುದು ಇಪ್ಪತ್ತರ ವಯಸ್ಸು ದಾಟಿದ ಮೇಲೂ ಮುಂದುವರಿಯುತ್ತದೆ. ದೃಶ್ಯ ಕಾರ್ಟೆಕ್ಸ್ ಅದಕ್ಕಿಂತ ಎಷ್ಟೋ ಮೊದಲೇ ಬಲಿತಿರುತ್ತದೆ. ಮಕ್ಕಳಿಗೆ ಎಲ್ಲ ಕಾಣುತ್ತದೆ, ಕಂಡದ್ದನ್ನು ಬಿಟ್ಟುಬಿಡುವುದು ಕಷ್ಟ.

ಹಗಲುನಕ್ಷತ್ರ

ಹಾಗಾದರೆ ಒಂದೇ ಸಲ ನಾಲ್ಕೈದು ಸೂಚನೆ ಕೊಟ್ಟು "ಗಮನ ಕೊಡಲಿಲ್ಲ" ಎಂದು ಗದರುವುದು ತಪ್ಪು ಅಂತಾಯಿತು. ದೊಡ್ಡವರಿಗಾದರೂ ಎಷ್ಟು ಹಿಡಿಯುತ್ತದೆ?

ಬೆಳಕಿಂಡಿ

ಕಡಿಮೆಯೇ. 1997ರಲ್ಲಿ ಲಕ್ ಮತ್ತು ವೋಗಲ್ ಬಣ್ಣದ ಚೌಕಗಳನ್ನು ಕ್ಷಣಮಾತ್ರ ತೋರಿಸಿ, ಒಂದು ಸೆಕೆಂಡಿನಷ್ಟು ಬಿಟ್ಟು ಮತ್ತೆ ತೋರಿಸಿ, ಏನಾದರೂ ಬದಲಾಯಿತೇ ಎಂದು ಕೇಳಿದರು. ಮೂರು ನಾಲ್ಕು ಚೌಕದವರೆಗೆ ಜನ ಸಲೀಸಾಗಿ ಹೇಳಿದರು. ಆಮೇಲೆ ತಪ್ಪು ಏರುತ್ತಾ ಹೋಯಿತು.

ಆದರೆ ದೀರ್ಘಕಾಲದ ದೃಶ್ಯ ನೆನಪಿನ ಲೆಕ್ಕವೇ ಬೇರೆ. 2008ರಲ್ಲಿ ಬ್ರೇಡಿ ಮತ್ತು ಜೊತೆಗಾರರು 2,500 ವಸ್ತುಗಳ ಚಿತ್ರ ತೋರಿಸಿದರು. ಕೊನೆಯಲ್ಲಿ ಎರಡೆರಡು ಚಿತ್ರ ಇಟ್ಟು "ಯಾವುದನ್ನು ನೋಡಿದ್ದಿರಿ" ಎಂದು ಕೇಳಿದಾಗ, ಒಂದೇ ಬಗೆಯ ಎರಡು ವಸ್ತುಗಳ ನಡುವೆಯೂ ಸುಮಾರು 88% ಸರಿ ಉತ್ತರ ಬಂತು. ನೋಡಿದ್ದು ಒಳಗೆ ಉಳಿಯುತ್ತದೆ, ಬೇಕಾದಷ್ಟು ಉಳಿಯುತ್ತದೆ. ಒಂದೇ ಹೊತ್ತಿಗೆ ಕೈಯಲ್ಲಿ ಹಿಡಿದು ಕೆಲಸ ಮಾಡಬಲ್ಲದ್ದು ಮಾತ್ರ ಬೆರಳೆಣಿಕೆ.

ಒತ್ತಡ ಇದ್ದರೆ ಅದೂ ಕುಗ್ಗುತ್ತದೆ. ಪ್ರಿಫ್ರಂಟಲ್ ಕೋಶಗಳಿಗೆ ಡೋಪಮೈನ್, ನಾರ್‌ಎಪಿನೆಫ್ರಿನ್ ಎಂಬ ಮಿದುಳಿನ ರಾಸಾಯನಿಕಗಳು ಹದವಾಗಿ ಬೇಕು. ಕಡಿಮೆಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಏಮಿ ಆರ್ನ್‌ಸ್ಟನ್ ಅವರ ಪ್ರಯೋಗಾಲಯ ವರ್ಷಗಟ್ಟಲೆ ತೋರಿಸಿಕೊಟ್ಟದ್ದು ಇದನ್ನೇ. ಹೆದರಿದ ಮಗುವಿಗೆ ಸೂಚನೆ ನೆನಪಿಡುವುದು ಇನ್ನೂ ಕಷ್ಟ. ಗದರಿದರೆ ಕೆಲಸ ಕೆಡುವುದೇ ಹೆಚ್ಚು.

ಪುಟತಿರುವು

ಈ ಸಾಮರ್ಥ್ಯ ಹೆಚ್ಚಿಸುತ್ತೇವೆ ಎನ್ನುವ ಮೊಬೈಲ್ ಆಟಗಳಿವೆಯಲ್ಲ, ಅವುಗಳಿಂದ ಪ್ರಯೋಜನ ಇದೆಯೇ?

ಬೆಳಕಿಂಡಿ

ಆ ಆಟದಲ್ಲಿ ಜಾಣರಾಗುತ್ತೀರಿ. 2010ರಲ್ಲಿ ಏಡ್ರಿಯನ್ ಓವೆನ್ ಮತ್ತು ತಂಡ 11,430 ಜನರನ್ನು ಆರು ವಾರ ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶವೂ ಅದೇ. ಅಭ್ಯಾಸ ಮಾಡಿದ ಕೆಲಸದಲ್ಲಿ ಸುಧಾರಣೆ ಕಂಡಿತು, ಅದು ಬೇರೆ ಕೆಲಸಗಳಿಗೆ ಹರಡಲಿಲ್ಲ. ಅದಕ್ಕಿಂತ ಒಂದು ಚೀಟಿಯಲ್ಲಿ ಬರೆದಿಡುವುದು ಮೇಲು.

ನೀಲಿಪೆನ್ಸಿಲ್

ಕೊನೆಯದಾಗಿ ಒಂದು ಕೇಳಲೇ? ಇಲ್ಲಿಯವರೆಗೆ ಮಾತಾಡಿದ್ದು ಕೆಲವು ಸೆಕೆಂಡುಗಳ ನೆನಪಿನ ಬಗ್ಗೆ. ಹಿಂದೆ ಎಂದೋ ನೋಡಿದ ಚಿತ್ರವನ್ನು ಈಗ ಮನಸ್ಸಿಗೆ ತಂದುಕೊಳ್ಳುವಾಗಲೂ ಮುಂಭಾಗ ಬೇಕೇ?

ನರಜಾಲ

ಇದಕ್ಕೆ 1999ರಲ್ಲಿ ಮಿಯಾಶಿತಾ ಅವರ ತಂಡ ಮಾಡಿದ ಪ್ರಯೋಗವೇ ಉತ್ತರ. ಓದಿದಾಗಲೆಲ್ಲ ಆಶ್ಚರ್ಯವಾಗುತ್ತದೆ.

ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ಎಂಬ ದಪ್ಪ ಕಟ್ಟಿದೆ. ಮಂಗಗಳಲ್ಲಿ ಅದರ ಹಿಂಭಾಗವನ್ನು ಕತ್ತರಿಸಿ, ಮುಂಭಾಗ ಮಾತ್ರ ಉಳಿಸಿದರು. ಆಗ ಒಂದು ಬದಿಯ ದೃಶ್ಯ ಭಾಗಕ್ಕೆ ಬಂದ ಚಿತ್ರ ಇನ್ನೊಂದು ಬದಿಯ ದೃಶ್ಯ ಭಾಗಕ್ಕೆ ನೇರವಾಗಿ ದಾಟಲು ದಾರಿಯಿಲ್ಲ. ಮಂಗಗಳಿಗೆ ಚಿತ್ರಗಳ ಜೋಡಿ ಕಲಿಸಿದ್ದರು: ಈ ಚಿತ್ರ ಕಂಡರೆ ಅದರ ಜೊತೆಗಾರ ಅದು ಎಂದು. ಈಗ ಸೂಚನೆಯ ಚಿತ್ರವನ್ನು ಒಂದೇ ಬದಿಗೆ ತೋರಿಸಿ, ಏನನ್ನೂ ನೋಡದ ಇನ್ನೊಂದು ಬದಿಯ ಟೆಂಪೊರಲ್ ಕೋಶಗಳನ್ನು ಆಲಿಸಿದರು. ಅವು ಮಿಡಿದವು. ನೇರವಾಗಿ ನೋಡಿದಾಗಿನದಕ್ಕಿಂತ ಸ್ವಲ್ಪ ತಡವಾಗಿ, ಆದರೆ ಚಿತ್ರಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಮಿಡಿದವು. ಸುದ್ದಿ ಹಿಂದಿನಿಂದ ಮುಂದಕ್ಕೆ ಹೋಗಿ, ಮುಂಭಾಗದಲ್ಲಿ ಆಚೆ ಬದಿಗೆ ದಾಟಿ, ಅಲ್ಲಿಂದ ಹಿಂದಕ್ಕೆ ಬಂದಿತ್ತು. ಉಳಿದಿದ್ದ ಮುಂದಿನ ಕಟ್ಟನ್ನೂ ಕತ್ತರಿಸಿದ ಮೇಲೆ ಆ ಮಿಡಿತ ನಿಂತುಹೋಯಿತು.

ಹಾಗಾಗಿ ಉತ್ತರ: ಬೇಕು. ಹಳೆಯ ಚಿತ್ರ ಇರುವುದು ಟೆಂಪೊರಲ್ ಭಾಗದಲ್ಲಿ. ಈಗ ಅದು ಬೇಕು ಎಂದು ಕರೆಯುವಾಗ ಆ ಕರೆ ಹೋಗುವ ಒಂದು ಮುಖ್ಯ ದಾರಿ ಹಣೆಯ ಹಿಂದಿನಿಂದ.